ಮೂಲ ಲೇಖಕರ ಹೆಸರು ತೆಗೆದು ನನ್ನ ಹೆಸರು ಹಾಕಬಹುದೇ?

ತೆಗೆಯಬೇಡಿ. ನಿಮ್ಮ ಹೆಸರನ್ನು ಖಂಡಿತ ಹಾಕಿಕೊಳ್ಳಿ, ಆದರೆ ಕೋಡ್ ಕಡತದಲ್ಲಿರುವ ಅವರ ಹಕ್ಕುಸ್ವಾಮ್ಯದ ಸಾಲಿನ ಕೆಳಗೆ.

ನೀವು ಬರೆದಿರುವುದು ನನಗೆ ಅರ್ಥವಾಗಿರುವುದು ಹೀಗೆ: ಎಂಐಟಿ ಲೈಸೆನ್ಸ್‌ನ (ಯಾರು ಬೇಕಾದರೂ ಪುಕ್ಕಟೆ ಬಳಸಿ ಬದಲಾಯಿಸಬಹುದು ಎನ್ನುವ ಅನುಮತಿಪತ್ರ) ಒಂದು ಬಿಲ್ಲಿಂಗ್ ತಂತ್ರಾಂಶ ತೆಗೆದುಕೊಂಡು, ತಿಪಟೂರಿನ ಕೊಬ್ಬರಿ ಮಂಡಿಗೆ ಬೇಕಾದ ತೂಕ, ಹಮಾಲಿ, ಕಮಿಷನ್ ಲೆಕ್ಕಗಳನ್ನು ಸೇರಿಸಿದ್ದೀರಿ. ಕನ್ನಡದಲ್ಲಿ ಚೀಟಿ ಮುದ್ರಿಸುವ ಭಾಗವನ್ನು ಜಿಪಿಎಲ್ ಮೂರನೇ ಆವೃತ್ತಿಯ (ಪಡೆದವರಿಗೆ ಮೂಲ ಕೋಡನ್ನೂ ಕೊಡಬೇಕು ಎನ್ನುವ ಇನ್ನೊಂದು ಲೈಸೆನ್ಸ್) ಬೇರೊಂದು ತಂತ್ರಾಂಶದಿಂದ ತಂದಿದ್ದೀರಿ. ಕಡತಗಳ ತಲೆಯಲ್ಲಿದ್ದ ಹಳೆಯ ಹೆಸರು, ಇಸವಿಗಳನ್ನೆಲ್ಲ ಅಳಿಸಿ ನಿಮ್ಮದನ್ನು ಹಾಕಿ, ಒಂದು ಮಂಡಿಗೆ ಕೊಟ್ಟೂ ಆಗಿದೆ. ಮುಕ್ಕಾಲು ಪಾಲು ಕೋಡ್ ನನ್ನದೇ ಆಗಿರುವಾಗ ತಪ್ಪೇನು ಎಂದು ಕೇಳಿದ್ದೀರಿ. ತುಮಕೂರಿನಲ್ಲಿ ಇಂಥದ್ದೇ ಸಣ್ಣ ವ್ಯಾಪಾರಗಳಿಗೆ ತಂತ್ರಾಂಶ ಮಾಡಿಕೊಡುವ ಕೆಲಸ ನನ್ನದು. ವಕೀಲಿ ಓದಿಲ್ಲ, ಆದರೆ ಯಾರ ಕೋಡ್ ಮುಟ್ಟಿದರೂ ಮೊದಲು ಅದರ ಲೈಸೆನ್ಸನ್ನು ಪೂರ್ತಿ ಓದುತ್ತೇನೆ.

ಉಳಿದ ಕಾಲು ಪಾಲು ನಿಮ್ಮದಲ್ಲ ಎಂಬುದೇ ನಿಮ್ಮ ಪ್ರಶ್ನೆಗೆ ಉತ್ತರ. ನಿವೇಶನ ಕೊಳ್ಳುವಾಗ ಮೂಲಪತ್ರದಿಂದ ಇಂದಿನವರೆಗಿನ ಕ್ರಯಪತ್ರಗಳನ್ನೆಲ್ಲ ಕೇಳಿ ನೋಡುತ್ತೇವಲ್ಲ, ಇಲ್ಲಿಯೂ ಹೆಸರುಗಳ ಸರಣಿ ನಡುವೆ ಕಡಿಯಬಾರದು. ಎಂಐಟಿ ಲೈಸೆನ್ಸ್ ಹಣ ಕೇಳುವುದಿಲ್ಲ, ನೀವು ಮಾಡಿದ ಬದಲಾವಣೆಯನ್ನು ತೋರಿಸಿ ಎನ್ನುವುದಿಲ್ಲ. ಹಕ್ಕುಸ್ವಾಮ್ಯದ ಸಾಲು ಮತ್ತು ಅನುಮತಿಯ ಪಠ್ಯ ಎಲ್ಲ ಪ್ರತಿಗಳಲ್ಲೂ, ಅದರ ಗಣನೀಯ ಭಾಗಗಳಲ್ಲೂ ಇರಬೇಕು, ಅಷ್ಟೇ. ಕೇಳಿದ್ದು ಅದೊಂದನ್ನೇ. ಅದನ್ನೂ ಕೊಡದಿದ್ದರೆ ಬಳಸಲು ನಮಗೆ ಇರುವ ಅನುಮತಿಯ ಆಧಾರವೇ ಹೋಗುತ್ತದೆ.

ಇದು ಬರೀ ಮರ್ಯಾದೆಯ ಮಾತಲ್ಲ. ಆಟಿಕೆ ರೈಲುಗಳನ್ನು ನಡೆಸುವ ಒಂದು ಮುಕ್ತ ತಂತ್ರಾಂಶದ ಕಡತಗಳನ್ನು ಅಮೆರಿಕದ ಒಂದು ಕಂಪನಿ ಲೇಖಕರ ಹೆಸರು, ಹಕ್ಕುಸ್ವಾಮ್ಯದ ಸಾಲುಗಳಿಲ್ಲದೆ ತನ್ನ ಉತ್ಪನ್ನದಲ್ಲಿ ಬಳಸಿಕೊಂಡಿತ್ತು. ಜೇಕಬ್‌ಸನ್ ವಿರುದ್ಧ ಕ್ಯಾಟ್ಜರ್ ಎಂಬ ಆ ಪ್ರಕರಣದಲ್ಲಿ ಅಲ್ಲಿನ ಫೆಡರಲ್ ಸರ್ಕ್ಯೂಟ್ ಎಂಬ ಮೇಲ್ಮನವಿ ನ್ಯಾಯಾಲಯ 2008ರಲ್ಲಿ ಸ್ಪಷ್ಟವಾಗಿ ಹೇಳಿತು: ಪುಕ್ಕಟೆ ಕೊಟ್ಟ ಕೋಡ್ ಆದರೂ ಲೈಸೆನ್ಸ್‌ನ ಇಂಥ ಮಾತುಗಳು ಷರತ್ತುಗಳೇ, ಮುರಿದರೆ ಹಕ್ಕುಸ್ವಾಮ್ಯದ ಉಲ್ಲಂಘನೆಯ ಮೊಕದ್ದಮೆ ಹೂಡಬಹುದು. ನಮ್ಮಲ್ಲಿ 1957ರ ಹಕ್ಕುಸ್ವಾಮ್ಯ ಕಾಯ್ದೆಗೆ 2012ರ ತಿದ್ದುಪಡಿಯಲ್ಲಿ 65ಬಿ ಕಲಂ ಸೇರಿತು. ಹಕ್ಕು ನಿರ್ವಹಣೆಯ ಮಾಹಿತಿಯನ್ನು ಅಧಿಕಾರವಿಲ್ಲದೆ, ತಿಳಿದೂ ತಿಳಿದು ತೆಗೆದರೆ ಎರಡು ವರ್ಷದವರೆಗೆ ಸೆರೆವಾಸ ಮತ್ತು ದಂಡ ಎನ್ನುತ್ತದೆ ಅದು. ಲೇಖಕರ ಹೆಸರು, ಹಕ್ಕುದಾರರ ವಿವರ, ಬಳಕೆಯ ಷರತ್ತುಗಳು ಆ ಮಾಹಿತಿಯೊಳಗೇ ಬರುತ್ತವೆ. ನಿಮ್ಮನ್ನು ಹೆದರಿಸುವುದು ನನ್ನ ಉದ್ದೇಶವಲ್ಲ. ಇದು ಗೊತ್ತಿಲ್ಲದೆ ಹೆಸರು ಅಳಿಸುವ ಹುಡುಗರು ನಮ್ಮ ಕಡೆ ಬಹಳ ಇದ್ದಾರೆ.

ಬರೆಯುವ ಕ್ರಮ ಸುಲಭ. ನೀವು ತಿದ್ದಿದ ಕಡತದಲ್ಲಿ ‘ಕಾಪಿರೈಟ್ 2016’ ಎಂದು ಅವರ ಹೆಸರಿದ್ದರೆ ಅದನ್ನು ಅಕ್ಷರವೂ ಬದಲಿಸದೆ ಬಿಡಿ, ಇಸವಿಯನ್ನೂ ಮುಟ್ಟಬೇಡಿ. ಕೆಳಗೆ ನೀವು ತಿದ್ದಿದ ವರ್ಷ ಮತ್ತು ನಿಮ್ಮ ಹೆಸರು. ಪೂರ್ತಿ ನೀವೇ ಬರೆದ ಕಡತದಲ್ಲಿ ನಿಮ್ಮ ಹೆಸರೊಂದೇ ಸಾಕು. ತೆರೆಯ ಮೇಲೆ ಮೊದಲು ಕಾಣುವ ಪುಟದಲ್ಲಿ ಮಂಡಿಯ ಹೆಸರನ್ನೋ ನಿಮ್ಮ ಹೆಸರನ್ನೋ ದೊಡ್ಡದಾಗಿ ಹಾಕಿಕೊಳ್ಳುವುದಕ್ಕೆ ಎಂಐಟಿಯ ಅಡ್ಡಿಯಿಲ್ಲ, ಅವರ ಹಕ್ಕುಸ್ವಾಮ್ಯದ ಸಾಲು, ಅನುಮತಿಯ ಪಠ್ಯ ಪ್ರತಿಯ ಜೊತೆಗೆ ಹೋದರೆ ಆಯಿತು.

ನಿಮ್ಮ ನಿಜವಾದ ತೊಡಕು ಚೀಟಿ ಮುದ್ರಿಸುವ ಭಾಗದಲ್ಲಿದೆ. ಹೆಸರಿನ ಸಾಲು ಯಾರು ಬರೆದರು ಎಂದು ಹೇಳುತ್ತದೆ. ಏನು ಮಾಡಬಹುದು ಎಂದು ಹೇಳುವುದು ಲೈಸೆನ್ಸ್. ಜಿಪಿಎಲ್ ಕೋಡನ್ನು ಅದೇ ಪ್ರೋಗ್ರಾಮಿನೊಳಗೆ ಬೆರೆಸಿ ಬೇರೆಯವರಿಗೆ ಕೊಟ್ಟಿದ್ದೀರಿ, ಹಾಗಾಗಿ ಇಡೀ ಪ್ರೋಗ್ರಾಂ ಜಿಪಿಎಲ್ ಅಡಿಯಲ್ಲೇ ಹೋಗಬೇಕು. ಎಂಐಟಿ ಕಡತಗಳು ಅದರೊಳಗೆ ತಮ್ಮ ಪಠ್ಯ ಇಟ್ಟುಕೊಂಡೇ ಕೂರಬಹುದು, ಎರಡಕ್ಕೂ ಜಗಳವಿಲ್ಲ. ನೀವು ಬದಲಾಯಿಸಿದ್ದೀರಿ ಎಂಬುದನ್ನೂ ದಿನಾಂಕವನ್ನೂ ಎದ್ದು ಕಾಣುವಂತೆ ಬರೆಯಬೇಕು. ಪ್ರೋಗ್ರಾಂ ಪಡೆದ ಮಂಡಿಗೆ ಮೂಲ ಕೋಡ್ ಸಿಗುವಂತೆ ಮಾಡಬೇಕು, ಊರಿಗೆಲ್ಲ ಹಂಚಬೇಕೆಂದಿಲ್ಲ. ಹಣ ಪಡೆಯಬಹುದು. ಆದರೆ ಮಂಡಿಯವರು ಅದನ್ನು ಪಕ್ಕದ ಅಂಗಡಿಗೆ ಕೊಟ್ಟರೆ ತಡೆಯುವ ಹಾಗಿಲ್ಲ.

ಅದು ಬೇಡವೆಂದರೆ ಆ ಭಾಗವನ್ನು ಕಿತ್ತು, ಹಳೆಯದನ್ನು ನೋಡದೆ ನೀವೇ ಹೊಸದಾಗಿ ಬರೆಯಿರಿ. ಇಲ್ಲವೇ ಅದರ ಹಕ್ಕುದಾರರನ್ನು ಬೇರೆ ಲೈಸೆನ್ಸ್ ಕೇಳಿ; ಹಲವರು ಬರೆದಿದ್ದರೆ ಎಲ್ಲರೂ ಒಪ್ಪಬೇಕಾಗುತ್ತದೆ. ನನ್ನನ್ನು ಕೇಳಿದರೆ, ಜಿಪಿಎಲ್ ಇರಲಿ ಎನ್ನುತ್ತೇನೆ. ನಮ್ಮ ಜಿಲ್ಲೆಯ ಅಂಗಡಿಗಳ ಪಾಡು ನೋಡಿದ್ದೇನೆ: ಮಾಡಿಕೊಟ್ಟ ಹುಡುಗ ಬೆಂಗಳೂರಿಗೆ ಕೆಲಸಕ್ಕೆ ಹೋದ, ಕೋಡ್ ಯಾರ ಹತ್ತಿರವೂ ಇಲ್ಲ, ತೆರಿಗೆಯ ದರ ಬದಲಾದ ದಿನ ಬಿಲ್ ನಿಂತು ಹೋಯಿತು. ಕೋಡ್ ಮಂಡಿಯ ಕೈಯಲ್ಲಿದ್ದರೆ ಇನ್ನೊಬ್ಬರನ್ನು ಕರೆದು ಸರಿಮಾಡಿಸಿಕೊಳ್ಳಬಹುದು.

ಹಣ ಕೊಟ್ಟ ಮಂಡಿಯವರ ಹೆಸರು ಹಾಕಬೇಕೇ ಎಂದೂ ಕೇಳಿದ್ದೀರಿ. ನೀವು ಅವರ ಸಂಬಳದ ನೌಕರರಾಗಿ ಬರೆದಿದ್ದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ ಹಕ್ಕು ಅವರದು. ಹೊರಗಿನಿಂದ ಗುತ್ತಿಗೆಗೆ ಮಾಡಿಕೊಟ್ಟಿದ್ದರೆ ನಿಮ್ಮದೇ. ಅದು ಅವರಿಗೆ ಹೋಗಬೇಕಾದರೆ ಬರಹದಲ್ಲಿ, ಸಹಿ ಹಾಕಿ ಕೊಡಬೇಕು. ಬಾಯಿಮಾತು ಸಾಲದು.

ಈಗ ಮಾಡಬೇಕಾದದ್ದು: ಗಿಟ್‌ನ (ಕೋಡ್‌ನ ಹಳೆಯ ಆವೃತ್ತಿಗಳನ್ನು ಉಳಿಸಿಡುವ ಸಾಧನ) ಇತಿಹಾಸದಿಂದಲೋ ಮೂಲದ ಹೊಸ ಪ್ರತಿಯಿಂದಲೋ ಹಳೆಯ ಸಾಲುಗಳನ್ನೆಲ್ಲ ಹಿಂದಕ್ಕೆ ತನ್ನಿ, ಎರಡೂ ಲೈಸೆನ್ಸ್‌ಗಳ ಪೂರ್ಣ ಪಠ್ಯ ಸೇರಿಸಿ, ಮಂಡಿಯಲ್ಲಿರುವ ಪ್ರತಿಯನ್ನು ಬದಲಾಯಿಸಿ ಕೋಡನ್ನೂ ಕೊಡಿ. ಜಿಪಿಎಲ್ ಮೂರನೇ ಆವೃತ್ತಿಯ ಎಂಟನೇ ವಿಭಾಗ ನಿಮ್ಮಂಥವರಿಗೆ ದಾರಿ ಇಟ್ಟಿದೆ: ಉಲ್ಲಂಘನೆ ನಿಲ್ಲಿಸಿದ ಮೇಲೆ 60 ದಿನಗಳೊಳಗೆ ಹಕ್ಕುದಾರರಿಂದ ನೋಟಿಸ್ ಬರದಿದ್ದರೆ ನಿಮ್ಮ ಅನುಮತಿ ಶಾಶ್ವತವಾಗಿ ಮರಳುತ್ತದೆ. ಅವರಿಂದ ಬಂದ ಮೊದಲ ನೋಟಿಸ್ ಆಗಿದ್ದು, ತಲುಪಿದ 30 ದಿನಗಳೊಳಗೆ ಸರಿಪಡಿಸಿದರೂ ಮರಳುತ್ತದೆ. ಎಂಐಟಿಯಲ್ಲಿ ಇಂಥ ಅವಧಿಯ ಮಾತಿಲ್ಲ, ಆದ್ದರಿಂದ ಆ ಲೇಖಕರಿಗೆ ನೀವೇ ಎರಡು ಸಾಲಿನ ಇಮೇಲ್ ಬರೆದು ಸರಿಪಡಿಸಿದ್ದೇನೆಂದು ತಿಳಿಸಿ.