‘ಡ್ರಾಕುಲಾ’ ಲೇಖನದ ಕುರಿತು ಸಂಪಾದಕರ ಉತ್ತರ

ಪ್ರಿಯ ಲೇಖಕರಿಗೆ,

ನಮಸ್ಕಾರಗಳು. ಬ್ರಾಮ್ ಸ್ಟೋಕರ್‌ನ ‘ಡ್ರಾಕುಲಾ’ ಕಾದಂಬರಿಯ ಹುಟ್ಟು ಮತ್ತು ಪ್ರಭಾವವನ್ನು ಕುರಿತ ನಿಮ್ಮ ಲೇಖನವನ್ನು ಗಮನವಿಟ್ಟು ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗುವುದಿಲ್ಲ. ನಿಮ್ಮ ಭಾಷೆಗೆ ಓಟವಿದೆ, ಆ ಬಗ್ಗೆ ತಕರಾರಿಲ್ಲ. ಆದರೆ ನೀವು ಬರೆದಿರುವುದು 1897ರಲ್ಲಿ ಅಚ್ಚಾದ ಕಾದಂಬರಿಯ ಬಗ್ಗೆ ಅಲ್ಲ. ಆಮೇಲೆ ಬಂದ ಸಿನಿಮಾಗಳು ನಮ್ಮೆಲ್ಲರ ತಲೆಯಲ್ಲಿ ಕೂರಿಸಿದ ಡ್ರಾಕುಲಾನ ಬಗ್ಗೆ.

ಮೊದಲ ಪುಟವನ್ನೇ ನೋಡಿ. ಹದಿನೈದನೆಯ ಶತಮಾನದಲ್ಲಿ, ಈಗಿನ ರೊಮೇನಿಯಾದ ಭಾಗವಾದ ವಲೇಕಿಯಾವನ್ನು ಆಳಿದ, ಡ್ರಾಕುಲಾ ಎಂದೂ ಕರೆಸಿಕೊಂಡ ಅರಸ ವ್ಲಾದ್ ಶತ್ರುಗಳನ್ನು ಶೂಲಕ್ಕೇರಿಸಿದ್ದನ್ನು ಉದ್ದಕ್ಕೂ ಬಣ್ಣಿಸಿ, ಅವನ ಬದುಕೇ ಕಾದಂಬರಿಯಾಯಿತೆಂದು ತೀರ್ಪು ಕೊಟ್ಟಿದ್ದೀರಿ. ಈ ಮಾತು ಮನೆಮಾತಾದದ್ದು ಬಹುಮಟ್ಟಿಗೆ 1972ರಲ್ಲಿ ಮ್ಯಾಕ್‌ನಲಿ ಮತ್ತು ಫ್ಲೋರೆಸ್ಕು ಎಂಬ ವಿದ್ವಾಂಸರ ಪುಸ್ತಕ ಬಂದ ಮೇಲೆ. ಫಿಲಡೆಲ್ಫಿಯಾದ ರೋಸೆನ್‌ಬಾಕ್ ಸಂಗ್ರಹಾಲಯದಲ್ಲಿರುವ ಸ್ಟೋಕರ್‌ನ ಟಿಪ್ಪಣಿಗಳು ಹೇಳುವ ಕತೆಯಲ್ಲಿ ರಕ್ತ ಕಡಿಮೆ, ಸ್ವಾರಸ್ಯ ಹೆಚ್ಚು. 1890ರಲ್ಲಿ ಕಾದಂಬರಿಯ ಕೆಲಸ ಆರಂಭವಾದಾಗ ಅವನ ಖಳನ ಹೆಸರು ಕೌಂಟ್ ವ್ಯಾಂಪಿರ್. ಅವನ ನೆಲೆ ಆಸ್ಟ್ರಿಯಾದ ಸ್ಟೈರಿಯಾ ಪ್ರಾಂತ್ಯ. ಶೆರಿಡನ್ ಲೆ ಫಾನುವಿನ ‘ಕಾರ್ಮಿಲಾ’ ಎಂಬ ಹೆಣ್ಣು ರಕ್ತಪಿಶಾಚಿಯ ಕತೆ 1872ರಲ್ಲೇ ಅದೇ ಸ್ಟೈರಿಯಾದಲ್ಲಿ ನಡೆದಿತ್ತು ಎಂಬುದನ್ನು ಇಲ್ಲಿ ನೀವು ಹೇಳಬಹುದಿತ್ತು. 1890ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಕಡಲತೀರದ ವಿಟ್‌ಬಿಯಲ್ಲಿ ತಂಗಿದ್ದಾಗ, ಅಲ್ಲಿನ ಗ್ರಂಥಾಲಯದಲ್ಲಿದ್ದ ವಿಲಿಯಂ ವಿಲ್ಕಿನ್ಸನ್‌ನ 1820ರ ಪುಸ್ತಕವೊಂದರಿಂದ ಸ್ಟೋಕರ್ ‘ಡ್ರಾಕುಲಾ’ ಎಂಬ ಹೆಸರನ್ನು ಗುರುತು ಹಾಕಿಕೊಂಡ. ಶೂಲಕ್ಕೇರಿಸುತ್ತಿದ್ದ ಅರಸನ ವೃತ್ತಾಂತ ಅವನ ಟಿಪ್ಪಣಿಗಳಲ್ಲಿ ಇಲ್ಲ. 1885ರಲ್ಲಿ ವಿಟ್‌ಬಿಯ ದಡಕ್ಕೆ ಬಡಿದ ‘ದ್ಮಿತ್ರಿ’ ಎಂಬ ರಷ್ಯನ್ ಹಡಗು ಕಾದಂಬರಿಯಲ್ಲಿ ಡ್ರಾಕುಲಾನನ್ನು ಇಂಗ್ಲೆಂಡಿಗೆ ತರುವ ‘ಡಿಮೀಟರ್’ ಆಯಿತು. ಕಾದಂಬರಿಯಲ್ಲಿ ಡ್ರಾಕುಲಾನ ಕೋಟೆಯಿರುವ ಟ್ರಾನ್ಸಿಲ್ವೇನಿಯಾದ ನಂಬಿಕೆಗಳು ಎಮಿಲಿ ಜೆರಾರ್ಡ್ ಅದೇ ವರ್ಷ ಪ್ರಕಟಿಸಿದ ಲೇಖನದಿಂದ ಬಂದವು. ಸ್ಟೋಕರ್ ಆ ನಾಡನ್ನು ಕಂಡವನೇ ಅಲ್ಲ. ಆದ್ದರಿಂದ ಅವನನ್ನು ಅಲ್ಲಿನ ಕಾರ್ಪೇಥಿಯನ್ ಕಣಿವೆಗಳಲ್ಲಿ ಅಲೆದಾಡಿಸಿದ ನಿಮ್ಮ ಸುಂದರವಾದ ಪ್ಯಾರಾ ಪೂರ್ತಿಯಾಗಿ ಹೋಗಬೇಕು.

ನನಗೆ ಹೆಚ್ಚು ಬೇಸರವಾದದ್ದು ಕಾದಂಬರಿಯ ರಚನೆಗೆ ನೀವು ಒಂದೇ ವಾಕ್ಯ ಕೊಟ್ಟದ್ದು. ದಿನಚರಿ, ಪತ್ರ, ತಂತಿ, ಪತ್ರಿಕೆಯ ತುಣುಕು, ಫೋನೋಗ್ರಾಫ್‌ನಲ್ಲಿ ವೈದ್ಯನೊಬ್ಬ ಹೇಳಿಟ್ಟ ಮಾತು, ಇವೆಲ್ಲವನ್ನೂ ಕಾದಂಬರಿಯ ನಾಯಕಿ ಮೀನಾ ಬೆರಳಚ್ಚು ಮಾಡಿ ಜೋಡಿಸುತ್ತಾಳೆ. ಎಲ್ಲರೂ ಬರೆಯುವ ಈ ಪುಸ್ತಕದಲ್ಲಿ ಡ್ರಾಕುಲಾ ಮಾತ್ರ ತನ್ನ ಪಾಲಿನ ಕತೆಯನ್ನು ಹೇಳುವುದೇ ಇಲ್ಲ. ಬಹುಮಟ್ಟಿಗೆ ಅವನ ಕೋಟೆಯಲ್ಲಿ ನಡೆಯುವ ಮೊದಲ ನಾಲ್ಕು ಅಧ್ಯಾಯಗಳಾದ ಮೇಲೆ ಅವನು ನೇರವಾಗಿ ಕಾಣಿಸಿಕೊಳ್ಳುವುದು ಅಪರೂಪ. ಡ್ರಾಕುಲಾನಿಗೆ ಬಲಿಯಾಗುವ ಲೂಸಿಯ ಕುತ್ತಿಗೆಯ ಗಾಯ ಅವಳ ಗೆಳತಿಗೂ ವೈದ್ಯನಿಗೂ ಅರ್ಥವಾಗದೆ ಉಳಿದಿರುವಾಗ, ಕೋಟೆಯ ದಿನಚರಿಯನ್ನು ಓದಿರುವ ನಮಗೆ ಅದು ಅರ್ಥವಾಗಿರುತ್ತದೆ. ಪಾತ್ರಗಳಿಗಿಂತ ಓದುಗನಿಗೆ ಹೆಚ್ಚು ತಿಳಿದಿರುವ ಈ ಅಸಹಾಯಕತೆಯೇ ಕಾದಂಬರಿಯ ಭಯದ ಮೂಲ ಎಂದು ನನ್ನ ಎಣಿಕೆ. ನಿಮಗೆ ಬೇರೆ ಅಭಿಪ್ರಾಯವಿದ್ದರೆ ಧಾರಾಳವಾಗಿ ವಾದಿಸಿ, ಆದರೆ ಪಠ್ಯವನ್ನು ಮುಂದಿಟ್ಟುಕೊಂಡು ವಾದಿಸಿ.

ಇನ್ನು ಪ್ರಭಾವದ ಭಾಗ. ಬಿಸಿಲು ತಾಗಿದರೆ ರಕ್ತಪಿಶಾಚಿ ಸಾಯುತ್ತದೆಂಬ ಕಲ್ಪನೆಯನ್ನು ಸ್ಟೋಕರ್‌ನಿಗೆ ಕಟ್ಟಿದ್ದೀರಿ. ಅವನ ಡ್ರಾಕುಲಾ ಲಂಡನ್ನಿನಲ್ಲಿ ಹಗಲಿನಲ್ಲೇ ಓಡಾಡುತ್ತಾನೆ, ಕೊನೆಗೆ ಸಾಯುವುದು ಎರಡು ಚಾಕುಗಳಿಂದ. ಬಿಸಿಲಿನ ಸಾವು 1922ರ ‘ನೊಸ್ಫೆರಾಟು’ ಎಂಬ ಜರ್ಮನ್ ಮೂಕಿಚಿತ್ರದ ಕೊಡುಗೆ. ಅನುಮತಿಯಿಲ್ಲದೆ ತಯಾರಾದ ಆ ಚಿತ್ರದ ವಿರುದ್ಧ ಸ್ಟೋಕರ್‌ನ ಪತ್ನಿ ಫ್ಲಾರೆನ್ಸ್ ನ್ಯಾಯಾಲಯಕ್ಕೆ ಹೋದಳು. 1925ರಲ್ಲಿ ಪ್ರತಿಗಳನ್ನು ನಾಶಮಾಡಲು ಆದೇಶವಾಯಿತು, ಆದರೂ ಕೆಲವು ಉಳಿದವು. ಕಾದಂಬರಿಯಲ್ಲಿಲ್ಲದ ಅಂಶವೊಂದು, ನಾಶವಾಗಬೇಕಿದ್ದ ಚಿತ್ರದ ಮೂಲಕ ಜಗತ್ತಿನ ನಂಬಿಕೆಯಾಗಿಬಿಟ್ಟದ್ದು ಎಂಥ ವಸ್ತು! ಅದು ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ. ಹಾಗೆಯೇ ಎತ್ತರದ ಕಾಲರಿನ ಕಪ್ಪು ನಿಲುವಂಗಿ ಹ್ಯಾಮಿಲ್ಟನ್ ಡೀನ್ 1924ರಲ್ಲಿ ರಂಗಕ್ಕೆ ತಂದ ನಾಟಕದ್ದು. ಅಲ್ಲಿಂದ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಗೂ ಬೆಲಾ ಲುಗೋಸಿ ನಟಿಸಿದ 1931ರ ಚಿತ್ರಕ್ಕೂ ನಡೆದುಬಂತು.

ಈ ಎರಡು ಎಳೆಗಳನ್ನು ಹಿಡಿದು ಪ್ರಭಾವದ ಭಾಗವನ್ನು ಹೊಸದಾಗಿ ಬರೆಯಿರಿ. ಕೊನೆಯ ಎರಡು ಪುಟಗಳ ಸಿನಿಮಾ ಪಟ್ಟಿ ಬೇಡ. ವ್ಲಾದ್‌ಗೆ ಎರಡು ಸಾಲು ಸಾಕು. ಕಾದಂಬರಿಯನ್ನು ಮತ್ತೊಮ್ಮೆ ಪೂರ್ತಿ ಓದಿ, ತಿದ್ದಿದ ಪ್ರತಿಯನ್ನು ಕಳುಹಿಸಿದರೆ ಖಂಡಿತ ಪರಿಶೀಲಿಸುತ್ತೇನೆ. ‘ರಕ್ತದಾಹಿಯ ಅಮರಗಾಥೆ’ ಎಂಬ ಶೀರ್ಷಿಕೆಯನ್ನು ಮಾತ್ರ ಈಗಲೇ ಕೈಬಿಡಿ.

ಇತಿ,
ಸಂಪಾದಕ