19ನೇ ಶತಮಾನದ ಬೇಸ್‌ಬಾಲ್ ಕಾರ್ಡ್: ಕಡಿಮೆ ದುಡ್ಡಲ್ಲಿ ಎಲ್ಲಿಂದ ಶುರು ಮಾಡುವುದು?

ನ್ಯೂಜೆರ್ಸಿಗೆ ಬಂದ ಮೇಲೆ ಬೇಸ್‌ಬಾಲ್ ಹುಚ್ಚು ಹಿಡಿದಿದೆ, 1800ರ ಕಾಲದ ಕಾರ್ಡ್ ಒಂದಾದರೂ ಬೇಕು, ಆದರೆ ಹರಾಜಿನ ಸುದ್ದಿ ಓದಿದರೆ ಭಯವಾಗುತ್ತದೆ, ಮೊದಲು ಯಾವುದು ತಗೊಳ್ಳಲಿ, ನಕಲಿ ಅಂತ ಹೇಗೆ ಗೊತ್ತಾಗುತ್ತದೆ ಅಂತ ಕೇಳಿದ್ದೀರಿ. ನನ್ನ ಉತ್ತರ ಇಷ್ಟೇ: ಯಾರೂ ಹೆಸರು ಕೇಳಿರದ ಆಟಗಾರನ, ಮೂಲೆ ಸವೆದ, ಆದರೆ ಮುಖ ಚೆನ್ನಾಗಿ ಕಾಣುವ ಒಂದು ಓಲ್ಡ್ ಜಡ್ಜ್ ಕಾರ್ಡ್, ಅಂದರೆ ಆಗಿನ ಸಿಗರೇಟು ಪ್ಯಾಕಿನೊಳಗೆ ಬರುತ್ತಿದ್ದ ಆಟಗಾರನ ಚಿತ್ರ, ತಗೊಳ್ಳಿ. ಅಲ್ಲಿಂದ ಶುರು ಮಾಡಿ.

ಮೊದಲು ಆ ಭಯ ಬಿಡಿ. 2022ರಲ್ಲಿ 72.5 ಲಕ್ಷ ಡಾಲರ್‌ಗೆ ಮಾರಾಟವಾದ ಹೋನಸ್ ವ್ಯಾಗ್ನರ್ ಅನ್ನುವ ಆಟಗಾರನ ಕಾರ್ಡ್ 1909–11ರ ಸೆಟ್ಟಿನದು. ಅದು 19ನೇ ಶತಮಾನದ್ದೇ ಅಲ್ಲ. ಅದಕ್ಕಿಂತ ಇಪ್ಪತ್ತು ವರ್ಷ ಹಳೆಯ ಓಲ್ಡ್ ಜಡ್ಜ್ ಕಾರ್ಡ್, ಸಾಮಾನ್ಯ ಆಟಗಾರನದಾಗಿದ್ದು ಸ್ಥಿತಿ ಸುಮಾರಾಗಿದ್ದರೆ, ಕೆಲವು ನೂರು ಡಾಲರ್‌ಗೇ ಸಿಗುತ್ತದೆ. ಹಳೆಯದಾದಷ್ಟೂ ಬೆಲೆ ಜಾಸ್ತಿ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಓಲ್ಡ್ ಜಡ್ಜ್ ಅನ್ನುವುದು ನ್ಯೂಯಾರ್ಕಿನ ಗುಡ್‌ವಿನ್ ಕಂಪನಿಯ ಸಿಗರೇಟಿನ ಹೆಸರು. ಆಗಿನ ಸಿಗರೇಟು ಪ್ಯಾಕು ಬರೀ ಕಾಗದದ್ದು, ಬೇಗ ಮುದುಡುತ್ತಿತ್ತು, ಅದಕ್ಕೆ ಒಳಗೆ ಒಂದು ರಟ್ಟಿನ ತುಂಡು ಇಡುತ್ತಿದ್ದರು. ಆ ರಟ್ಟಿನ ಮೇಲೆ ಚಿತ್ರ ಹಾಕಿದರೆ ಜನ ಎಲ್ಲಾ ಚಿತ್ರ ಸೇರಿಸುವ ಆಸೆಗೆ ಮತ್ತೆ ಮತ್ತೆ ಅದೇ ಸಿಗರೇಟು ಕೊಳ್ಳುತ್ತಾರೆ ಅನ್ನುವುದು ಕಂಪನಿಗಳ ಲೆಕ್ಕ. 1886ರಿಂದ 1890ರವರೆಗೆ ಗುಡ್‌ವಿನ್‌ನವರು 500ಕ್ಕೂ ಹೆಚ್ಚು ಆಟಗಾರರ ಕಾರ್ಡ್ ತಂದರು. ಒಬ್ಬೊಬ್ಬನದೂ ಹಲವು ಭಂಗಿ. ಪೂರ್ತಿ ಸೆಟ್ ಸೇರಿಸುವ ಯೋಚನೆ ಬೇಡ, ಅದು ಯಾರ ಕೈಲೂ ಆಗುವ ಮಾತಲ್ಲ.

ನನಗೆ ಈ ಕಾರ್ಡಿನ ಮೇಲೆ ಇಷ್ಟು ಪ್ರೀತಿ ಯಾಕೆ ಅಂದರೆ, ಇದು ಮುದ್ರಣವಲ್ಲ, ನಿಜವಾದ ಫೋಟೋ. ಮೊಟ್ಟೆಯ ಬಿಳಿ ಲೋಳೆ ಸವರಿದ ತೆಳು ಕಾಗದದ ಮೇಲೆ ಫೋಟೋ ಮೂಡಿಸಿ, ಅದನ್ನು ದಪ್ಪ ರಟ್ಟಿಗೆ ಅಂಟಿಸಿದ್ದಾರೆ. ಅಗಲ ಸುಮಾರು ಒಂದೂವರೆ ಇಂಚು, ಉದ್ದ ಎರಡೂವರೆ ಇಂಚು. ಆಗಿನ ಕ್ಯಾಮೆರಾಕ್ಕೆ ಓಡುವವನನ್ನು ಹಿಡಿಯಲು ಆಗುತ್ತಿರಲಿಲ್ಲ. ಹಾಗಾಗಿ ಆಟಗಾರರನ್ನು ಸ್ಟುಡಿಯೋಗೆ ಕರೆದು, ಹಿಂದೆ ಬಣ್ಣದ ಪರದೆ ಕಟ್ಟಿ, ಚೆಂಡನ್ನು ದಾರದಲ್ಲಿ ನೇತುಹಾಕಿ, ಅದನ್ನು ಹಿಡಿಯುವ ಹಾಗೆ ಕೈ ಚಾಚಿ ಅಲ್ಲಾಡದೆ ನಿಲ್ಲಿ ಅನ್ನುತ್ತಿದ್ದರು. ಎಷ್ಟೋ ಕಾರ್ಡುಗಳಲ್ಲಿ ಆ ದಾರ ಈಗಲೂ ಕಾಣುತ್ತದೆ! ಎರಡೇ ವರ್ಷ ಆಡಿ ಮರೆಯಾದ ಒಬ್ಬ ಹುಡುಗ, ಕೊರಳಿಗೆ ಟೈ ಕಟ್ಟಿಕೊಂಡು, ಗಂಭೀರವಾಗಿ ಚೆಂಡು ನೋಡುತ್ತಾ ನಿಂತಿರುವುದನ್ನು ಕೈಯಲ್ಲಿ ಹಿಡಿದು ನೋಡಿ, ಆಮೇಲೆ ಬೆಲೆಯ ಮಾತಾಡೋಣ.

ಬಣ್ಣದ್ದೇ ಬೇಕು ಅಂದರೆ ರಿಚ್ಮಂಡಿನ ಅಲೆನ್ ಅಂಡ್ ಗಿಂಟರ್ ಕಂಪನಿಯ 1887ರ ಸೆಟ್ ಇದೆ. 50 ಕಾರ್ಡುಗಳಲ್ಲಿ ಬೇಸ್‌ಬಾಲಿನವರು ಹತ್ತೇ ಜನ, ಉಳಿದವರು ಬಾಕ್ಸರ್, ಕುಸ್ತಿಪಟು, ದೋಣಿ ಓಡಿಸುವವರು, ಗುರಿಕಾರರು. ಕಲ್ಲಚ್ಚಿನ (ಕಲ್ಲಿನ ಮೇಲೆ ಚಿತ್ರ ಬಿಡಿಸಿ ಮುದ್ರಿಸಿದ) ಬಣ್ಣ ಇವತ್ತಿಗೂ ಮಿನುಗುತ್ತದೆ. ಆ ಹತ್ತರಲ್ಲಿ ಕ್ಯಾಪ್ ಆನ್ಸನ್, ಮೈಕ್ ಕೆಲ್ಲಿ, ಜಾನ್ ವಾರ್ಡ್ ಇದ್ದಾರೆ. ಇದೇ ಕೆಲ್ಲಿಯನ್ನು ಅದೇ 1887ರಲ್ಲಿ ಶಿಕಾಗೋ ತಂಡ 10,000 ಡಾಲರ್‌ಗೆ ಬೋಸ್ಟನ್‌ಗೆ ಮಾರಿತ್ತು. ಆಟಗಾರರನ್ನು ಹೀಗೆ ಮಾರುವುದರ ವಿರುದ್ಧ ನಿಂತು, ಸಂಘ ಕಟ್ಟಿ, 1890ರಲ್ಲಿ ಆಟಗಾರರದ್ದೇ ಲೀಗ್ ನಡೆಸಿದವರ ಮುಂದಾಳು ವಾರ್ಡ್. ಆನ್ಸನ್ ದೊಡ್ಡ ಬ್ಯಾಟರ್, ಆದರೆ ಕಪ್ಪು ಆಟಗಾರರ ಜೊತೆ ಆಡಲ್ಲ ಅಂತ ಹಟ ಹಿಡಿದು ಅವರನ್ನು ಆಟದಿಂದ ಹೊರಗಿಡಲು ಕಾರಣರಾದವರಲ್ಲಿ ಒಬ್ಬ. ಈ ಮೂವರ ಕಾರ್ಡಿಗೂ ಬೇಡಿಕೆ ಇದೆ, ಶುರುವಿನಲ್ಲೇ ಇವರ ಹಿಂದೆ ಹೋಗಬೇಡಿ.

ಬಕ್ನರ್ ಗೋಲ್ಡ್ ಕಾಯಿನ್ ಅಂತ 1887ರದ್ದೇ ಇನ್ನೊಂದು ತಂಬಾಕು ಕಾರ್ಡಿನ ಸೆಟ್ ಇದೆ. ಅದನ್ನು ತಗೊಳ್ಳಿ ಅಂತ ನಾನು ಹೇಳುವುದಿಲ್ಲ, ಯಾಕೆಂದರೆ ಒಂದೇ ಚಿತ್ರವನ್ನು ಬೇರೆ ಬೇರೆ ಆಟಗಾರರ ಹೆಸರಿಗೆ ಬಳಸಿದ್ದಾರೆ. 1895ರ ಮೇಯೋ ಕಂಪನಿಯ ಕಾರ್ಡೂ ಶುರುವಿಗೆ ಬೇಡ, ಅದಕ್ಕೆ ಕಪ್ಪು ಅಂಚು, ಸ್ವಲ್ಪ ಸವೆದರೂ ಬಿಳಿ ಕಾಣುತ್ತದೆ. 1890ರಲ್ಲಿ ಗುಡ್‌ವಿನ್, ಅಲೆನ್ ಅಂಡ್ ಗಿಂಟರ್, ಡ್ಯೂಕ್ ಸೇರಿ ಐದು ಕಂಪನಿಗಳು ಅಮೆರಿಕನ್ ಟೊಬ್ಯಾಕೋ ಕಂಪನಿಯಾಗಿ ಒಂದಾದವು. ಪೈಪೋಟಿ ಹೋದ ಮೇಲೆ ಕಾರ್ಡಿಗೆ ದುಡ್ಡು ಸುರಿಯುವ ಅಗತ್ಯ ಯಾರಿಗಿದೆ? ಅದಕ್ಕೇ 1890ರ ನಂತರದ ಕಾರ್ಡು ಅಷ್ಟು ಕಡಿಮೆ.

ಇನ್ನು ನಕಲಿ ವಿಷಯ, ಇದನ್ನು ನಿಧಾನವಾಗಿ ಓದಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಭೂತಕನ್ನಡಿ ಇಟ್ಟುಕೊಳ್ಳಿ. ಓಲ್ಡ್ ಜಡ್ಜ್‌ನ ಚಿತ್ರದಲ್ಲಿ ಚುಕ್ಕಿಗಳೇ ಇರಬಾರದು, ಯಾಕೆಂದರೆ ಅದು ಫೋಟೋ. ಸಾಲಾಗಿ ಚುಕ್ಕಿ ಕಂಡರೆ ಅದು ಈಚಿನ ಮುದ್ರಣ. ಅಲೆನ್ ಅಂಡ್ ಗಿಂಟರ್‌ನಲ್ಲಿ ಚುಕ್ಕಿ ಇರುತ್ತವೆ, ಆದರೆ ಕೈಯಲ್ಲಿ ಇಟ್ಟವು, ಅಳತೆಯಿಲ್ಲದೆ ಹರಡಿರುತ್ತವೆ. ಕತ್ತಲಲ್ಲಿ ನೇರಳಾತೀತ ಟಾರ್ಚ್ ಬಿಟ್ಟಾಗ ಕಾಗದ ಫಳಫಳ ನೀಲಿ ಹೊಳೆದರೆ ಅದರಲ್ಲಿ ಆಧುನಿಕ ಬಿಳುಪುಕಾರಕ ಇದೆ ಅಂತ ಅರ್ಥ, ಅಂಥದ್ದನ್ನು ಬಿಟ್ಟುಬಿಡಿ. ಇನ್ನೊಂದು ಮಾತು: ಟಾಪ್ಸ್ ಕಂಪನಿ 2006ರಿಂದ ಅಲೆನ್ ಅಂಡ್ ಗಿಂಟರ್ ಹೆಸರಲ್ಲೇ ಹೊಸ ಕಾರ್ಡ್ ತರುತ್ತಿದೆ. ಅವು ನಕಲಿಯಲ್ಲ, ಹೊಸವು. ಹುಡುಕುವಾಗ ಎರಡೂ ಒಟ್ಟಿಗೇ ಬರುತ್ತವೆ, ವರ್ಷ ನೋಡಿಕೊಳ್ಳಿ.

ಅಸಲಿ ಕಾರ್ಡಿನಲ್ಲೂ ಕೈವಾಡ ಇರುತ್ತದೆ. ಅಂಚು ಕತ್ತರಿಸಿ ನೇರ ಮಾಡಿದ್ದು, ಫೋಟೋ ಕಿತ್ತು ಬೇರೆ ರಟ್ಟಿಗೆ ಅಂಟಿಸಿದ್ದು, ಇವೆಲ್ಲಾ ಸಾಮಾನ್ಯ. ಹಿಂದಿನವರು ಆಲ್ಬಮ್ಮಿಗೆ ಅಂಟು ಹಾಕಿ ಅಂಟಿಸಿದ್ದರಿಂದ ಹಿಂಬದಿ ಕಿತ್ತುಹೋದ ಕಾರ್ಡೂ ಬೇಕಾದಷ್ಟಿವೆ. ಅದನ್ನು ದೋಷ ಅಂತ ತಳ್ಳಬೇಡಿ, ಓಲ್ಡ್ ಜಡ್ಜ್‌ನ ಹಿಂಬದಿ ಹೇಗೂ ಖಾಲಿ, ಬೆಲೆಯೂ ಇಳಿಯುತ್ತದೆ, ನಿಮಗೆ ಲಾಭ. ಆದರೆ ಫೋಟೋ ಮಾಸಿ ಮುಖವೇ ಕಾಣದಂತಾಗಿದ್ದರೆ, ಎಷ್ಟು ಅಗ್ಗವಾದರೂ ಬೇಡ.

ಕೊಳ್ಳುವ ಮುಂಚೆ ಕಣ್ಣು ಪಳಗಬೇಕು, ಅದಕ್ಕೆ ದುಡ್ಡು ಬೇಡ. ಲೈಬ್ರರಿ ಆಫ್ ಕಾಂಗ್ರೆಸ್ಸಿನ ಜಾಲತಾಣದಲ್ಲಿ 1887–1914ರ ಸುಮಾರು 2,100 ಕಾರ್ಡುಗಳ ಚಿತ್ರ ಉಚಿತವಾಗಿ ಇವೆ, ಒಂದು ಭಾನುವಾರ ಕೂತು ನೋಡಿ. ಮಾರುವವರು N172, N28 ಅಂತ ಬರೆದಿರುತ್ತಾರಲ್ಲ, ಅದು ಜೆಫರ್ಸನ್ ಬರ್ಡಿಕ್ ಅನ್ನುವ ಸಂಗ್ರಾಹಕ ಮಾಡಿದ ಪಟ್ಟಿಯ ಸಂಖ್ಯೆ. N ಅಂದರೆ 19ನೇ ಶತಮಾನದ ತಂಬಾಕು ಕಾರ್ಡ್, 172 ಓಲ್ಡ್ ಜಡ್ಜ್, 28 ಮೇಲೆ ಹೇಳಿದ ಅಲೆನ್ ಅಂಡ್ ಗಿಂಟರ್. ಬರ್ಡಿಕ್ ಅವರ ಸಂಗ್ರಹ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ, ನಿಮಗೆ ಹತ್ತಿರವೇ ಅಲ್ವಾ.

ಮೊದಲ ಕಾರ್ಡನ್ನು ಮಾತ್ರ ಪಿಎಸ್‌ಎ ಅಥವಾ ಎಸ್‌ಜಿಸಿ ಅನ್ನುವ, ಕಾರ್ಡ್ ಅಸಲಿಯೇ ಅಂತ ನೋಡಿ ದರ್ಜೆ ಕೊಡುವ ಕಂಪನಿಯವರು ಪರೀಕ್ಷಿಸಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕೊಟ್ಟದ್ದನ್ನೇ ತಗೊಳ್ಳಿ. ಗ್ರೇಡ್ 1, ಅಂದರೆ ತೀರಾ ಕೆಳಗಿನ ದರ್ಜೆ, ಅಂತಿದ್ದರೂ ಪರವಾಗಿಲ್ಲ. ಮನೆಗೆ ಬಂದ ಮೇಲೆ ಬಿಸಿಲು ಬೀಳುವ ಗೋಡೆಗೆ ತೂಗುಹಾಕಬೇಡಿ, ಇಂಥ ಫೋಟೋ ಬೆಳಕಿಗೆ ಬೇಗ ಮಾಸುತ್ತದೆ. ಯಾವುದಾದರೂ ಕಾರ್ಡ್ ಕಣ್ಣಿಗೆ ಬಿದ್ದು ಅನುಮಾನ ಬಂದರೆ ಎರಡೂ ಬದಿಯ ಚಿತ್ರ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.