ಎಂಟನೇ ತರಗತಿ ಗಣಿತ: ಅಧ್ಯಾಯಗಳಿಗೆ ಎಷ್ಟೆಷ್ಟು ಪಿರಿಯಡ್?

ಪ್ರೌಢಶಾಲೆಗೆ ಹೊಸಬರು, ಎಂಟನೇ ತರಗತಿಯ ಗಣಿತ ನಿಮ್ಮ ಪಾಲಿಗೆ ಬಂದಿದೆ, ಅಧ್ಯಾಯಗಳನ್ನು ವರ್ಷದ ಪಿರಿಯಡ್‌ಗಳಿಗೆ ಹಂಚಿರುವ ಸಿದ್ಧ ಪಟ್ಟಿ ಯಾರಲ್ಲಾದರೂ ಇದೆಯೇ ಎಂದು ಕೇಳಿದ್ದೀರಿ. ನನ್ನಲ್ಲಿ ಅಂಥದೊಂದು ಇತ್ತು. ಬಹಳ ಅಚ್ಚುಕಟ್ಟಾಗಿತ್ತು. ನಾನು ಕೆಟ್ಟದ್ದು ಅದರಿಂದಲೇ.

ಸೇವೆಗೆ ಸೇರಿದ ಎರಡನೆಯ ವರ್ಷ, ಬೇಸಿಗೆ ರಜೆಯಲ್ಲಿಯೇ ಕುಳಿತು ಅದನ್ನು ಸಿದ್ಧಪಡಿಸಿದ್ದೆ. ಶಿಕ್ಷಣ ಹಕ್ಕು ಕಾಯ್ದೆಯು 6ರಿಂದ 8ನೇ ತರಗತಿಗೆ ವರ್ಷಕ್ಕೆ ಕನಿಷ್ಠ 220 ಕೆಲಸದ ದಿನಗಳನ್ನು ಹೇಳುತ್ತದೆಯಷ್ಟೆ. ಅದರಲ್ಲಿ ಪರೀಕ್ಷೆಯ ದಿನಗಳನ್ನು ಕಳೆದು, ಉಳಿದದ್ದನ್ನು ಪುಸ್ತಕದ ಪುಟಗಳ ಲೆಕ್ಕಕ್ಕೆ ಅಧ್ಯಾಯಗಳಿಗೆ ಹಂಚಿ, ಮೊದಲ ಅವಧಿಗೆ ನೀಲಿ ಶಾಯಿ, ಎರಡನೆಯದಕ್ಕೆ ಹಸಿರು ಶಾಯಿ ಬಳಸಿ ಬರೆದಿದ್ದೆ. ಭಾಗಲಬ್ಧ ಸಂಖ್ಯೆಗಳಿಗೆ ಇಷ್ಟು, ರೇಖಾತ್ಮಕ ಸಮೀಕರಣಗಳಿಗೆ ಇಷ್ಟು, ಚತುರ್ಭುಜಗಳಿಗೆ ಇಷ್ಟು. ಶಾಲೆಗೆ ಭೇಟಿ ಕೊಟ್ಟ ವಿಷಯ ಪರಿವೀಕ್ಷಕರು ಅದನ್ನು ಉಳಿದವರಿಗೆ ತೋರಿಸುವಂತೆ ಮುಖ್ಯೋಪಾಧ್ಯಾಯರಿಗೆ ಹೇಳಿ ಹೋದರು. ಆ ವರ್ಷದ ಒಂದು ಮಗುವಿನ ಮುಖವನ್ನೂ ನೋಡುವ ಮೊದಲೇ ನಾನು ಮಾರ್ಚ್‌ವರೆಗಿನ ಪಾಠಗಳನ್ನು ಮುಗಿಸಿಯಾಗಿತ್ತು.

ಜೂನ್‌ನಲ್ಲಿ ಸೇತುಬಂಧ ಬಂತು, ಅಂದರೆ ಹಿಂದಿನ ತರಗತಿಯ ಕಲಿಕೆಯನ್ನು ಹೊಸ ತರಗತಿಗೆ ಜೋಡಿಸುವ ವರ್ಷಾರಂಭದ ಪಾಠಗಳು. ಮಕ್ಕಳಿಗೆ ಎಲ್ಲಿ ತೊಡಕಿದೆ ಎಂದು ತಿಳಿಯುವ ನೈದಾನಿಕ ಪರೀಕ್ಷೆ ಮಾಡಿದೆ, ತಿದ್ದಿದೆ, ಅಂಕಗಳನ್ನು ನಮೂನೆಯಲ್ಲಿ ತುಂಬಿದೆ, ಮಕ್ಕಳನ್ನು ಮೂರು ಗುಂಪು ಮಾಡಿದೆ, ಉತ್ತರಪತ್ರಿಕೆಗಳ ಕಟ್ಟನ್ನು ಬೀರುವಿನಲ್ಲಿಟ್ಟೆ. ನನ್ನ ತಪ್ಪು ಇಲ್ಲಿದೆ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ಇದು ತಪ್ಪೆಂದು ನನಗೆ ತಿಳಿಯುವುದಕ್ಕೆ ಏಳು ತಿಂಗಳು ಹಿಡಿಯಿತು. ಪರೀಕ್ಷೆಯಲ್ಲಿ 1/2 + 1/4 ಎಷ್ಟು ಎಂಬ ಪ್ರಶ್ನೆಯಿತ್ತು. 46 ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ 2/6 ಎಂದು ಬರೆದಿದ್ದರು. ನಾನು ಸೊನ್ನೆ ಕೊಟ್ಟು ಪುಟ ತಿರುಗಿಸಿದ್ದೆ. ಎಷ್ಟು ಜನಕ್ಕೆ ತಪ್ಪಾಯಿತು ಎಂಬುದನ್ನು ಎಣಿಸಿದೆನೇ ಹೊರತು, ಎಲ್ಲರದೂ ಒಂದೇ ತಪ್ಪು ಎಂಬುದನ್ನು ನೋಡಲಿಲ್ಲ. ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡುವುದು ಅವರ ಪಾಲಿಗೆ ಮರೆವೂ ಅಲ್ಲ, ಅವಸರವೂ ಅಲ್ಲ. ಅದು ಅವರು ನಂಬಿದ ವಿಧಾನ. ಅರ್ಧದಿಂದ ಹೊರಟು, ಇನ್ನಷ್ಟು ಕೂಡಿ, ಅರ್ಧಕ್ಕಿಂತ ಕಡಿಮೆಗೆ ತಲುಪಿದ್ದೇವೆ ಎಂದು ಒಬ್ಬರಿಗೂ ಅನ್ನಿಸಿರಲಿಲ್ಲ.

ಮೊದಲ ಅಧ್ಯಾಯ ಈ ರೋಗವನ್ನು ಮುಚ್ಚಿಟ್ಟಿತು. ಅದರಲ್ಲಿ ಹೆಚ್ಚಿನ ಭಾಗ ಆವೃತ, ಪರಿವರ್ತನೀಯ, ಸಹವರ್ತನೀಯ ಎಂಬ ಗುಣಗಳ ಮಾತು. ಮಕ್ಕಳು ಹೆಸರುಗಳನ್ನು ಬಾಯಿಪಾಠ ಮಾಡಿದರು, ಮೊದಲ ರೂಪಣಾತ್ಮಕ ಮೌಲ್ಯಮಾಪನದಲ್ಲಿ (ವರ್ಷದ ನಡುವಿನ ಕಿರುಪರೀಕ್ಷೆಯಲ್ಲಿ) ಒಳ್ಳೆಯ ಶ್ರೇಣಿಗಳು ಬಂದವು, ನನ್ನ ಹಂಚಿಕೆ ಒಂದು ದಿನವೂ ಹಿಂದೆ ಬೀಳಲಿಲ್ಲ. ನಂತರ ಸಮೀಕರಣಗಳು ಬಂದವು. ಒಂದು ಸಂಖ್ಯೆಯ ಅರ್ಧಕ್ಕೆ ಅದೇ ಸಂಖ್ಯೆಯ ಕಾಲುಭಾಗ ಕೂಡಿಸಿದರೆ 9 ಬರುತ್ತದೆ, ಆ ಸಂಖ್ಯೆ ಯಾವುದು ಎಂಬ ಲೆಕ್ಕಕ್ಕೆ ಉತ್ತರ 12. ಅವರಿಗೆ ಬಂದದ್ದು 27. ಉತ್ತರವನ್ನು ತಾಳೆ ನೋಡಿ ಎಂದೆ. ತಾಳೆ ನೋಡಿದರು, ಸರಿಹೊಂದಿತು! 27/2ಕ್ಕೆ 27/4 ಕೂಡಿಸುವಾಗಲೂ ಅದೇ ವಿಧಾನ ಹಿಡಿದು 54/6 ಎಂದು ಬರೆದರು, ಅದು ಸರಿಯಾಗಿ 9. ತಾಳೆ ನೋಡುವ ಅಭ್ಯಾಸವಿದ್ದರೆ ಮಕ್ಕಳು ತಮ್ಮ ತಪ್ಪನ್ನು ತಾವೇ ಹಿಡಿಯುತ್ತಾರೆ ಎಂದು ಬಿ.ಎಡ್.ನಲ್ಲಿ ಕಲಿತಿದ್ದೆ. ಒಂದೇ ತಪ್ಪು ಲೆಕ್ಕದಲ್ಲಿಯೂ ಕಾವಲಿನಲ್ಲಿಯೂ ಕುಳಿತಿದ್ದರೆ ಯಾರು ಯಾರನ್ನು ಹಿಡಿಯಬೇಕು?

ಆಗಲೇ ನಿಲ್ಲಿಸಬೇಕಿತ್ತು. ಆದರೆ ಹಂಚಿಕೆಯ ಪ್ರಕಾರ ಮುಂದಿನ ಸೋಮವಾರ ಚತುರ್ಭುಜಗಳು ಆರಂಭವಾಗಬೇಕಿತ್ತು, ಆರಂಭವಾದವು. ಜನವರಿಯಲ್ಲಿ ತ್ರಾಪಿಜ್ಯದ ವಿಸ್ತೀರ್ಣಕ್ಕೆ ಬಂದಾಗ ಸೂತ್ರದಲ್ಲಿ ಮತ್ತೆ ಅದೇ ಅರ್ಧ, ಅದೇ ಗೋಳು. ಅಂದು ಸಂಜೆ ಬೀರುವಿನಿಂದ ಜೂನ್‌ನ ಕಟ್ಟನ್ನು ತೆಗೆದು ಓದಿದೆ. ಎಲ್ಲವೂ ಅಲ್ಲೇ ಇತ್ತು. ಮೂರು ವಾರ ಪಾಠ ನಿಲ್ಲಿಸಿ ಭಿನ್ನರಾಶಿ ಕಲಿಸಿದೆ. ಅದರ ಬೆಲೆಯಾಗಿ ನೇರ ಮತ್ತು ವಿಲೋಮ ಅನುಪಾತ ಹಾಗೂ ಅಪವರ್ತಿಸುವಿಕೆ ಫೆಬ್ರುವರಿಯ ವಿಶೇಷ ತರಗತಿಗಳಲ್ಲಿ ಓಡಿಹೋದವು, ಮತ್ತು ಅದೇ ಮಕ್ಕಳು ಒಂಬತ್ತನೇ ತರಗತಿಯಲ್ಲಿ ಬಹುಪದೋಕ್ತಿಗಳೆದುರು ಕುಳಿತಾಗ ಆ ಓಟದ ಫಲವನ್ನು ನಾನೇ ಉಣ್ಣಬೇಕಾಯಿತು.

ಆ ಮೂರು ವಾರದಲ್ಲಿ ತಿಳಿದ ಇನ್ನೊಂದು ಸಂಗತಿಯಿದೆ. ನಮ್ಮದು ತುಮಕೂರು ಸೀಮೆ; ಕೆಲವು ಮನೆಗಳಲ್ಲಿ ಧಾನ್ಯ ಅಳೆಯುವ ಸೇರು, ಪಾವುಗಳು ಇನ್ನೂ ಇವೆ, ನಾಲ್ಕು ಪಾವಿಗೆ ಒಂದು ಸೇರು. ಅರ್ಧ ಸೇರು ರಾಗಿಗೆ ಒಂದು ಪಾವು ಸೇರಿಸಿದರೆ ಎಷ್ಟು ಎಂದು ಕೇಳಿದರೆ, 2/6 ಬರೆದಿದ್ದ ಹುಡುಗಿಯೇ ತಡವರಿಸದೆ ‘ಮುಕ್ಕಾಲು ಸೇರು ಸರ್’ ಎಂದಳು. ಅವಳ ಅಜ್ಜ ಕಾಲು, ಅರೆ, ಮುಕ್ಕಾಲಿನ ಮಗ್ಗಿ ಹೇಳಿ ಬೆಳೆದವರು. ಗೊತ್ತಿದ್ದದ್ದು ಕಾಗದಕ್ಕೆ ಇಳಿದಿರಲಿಲ್ಲ, ಅಷ್ಟೆ.

ಆದ್ದರಿಂದ, ಯಾವ ಅಧ್ಯಾಯಕ್ಕೆ ಎಷ್ಟು ಪಿರಿಯಡ್ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕಚೇರಿಗೆ ಹಂಚಿಕೆಯ ನಮೂನೆ ಬೇಕೇ ಬೇಕು; ಬೇರೆ ಶಾಲೆಯವರ ಪಟ್ಟಿಯನ್ನು ನಕಲು ಮಾಡಿಯಾದರೂ ಕೊಡಿ, ಅದರಲ್ಲಿ ಪಾಪವಿಲ್ಲ. ನಿಮಗಾಗಿ ಇನ್ನೊಂದನ್ನು ಪೆನ್ಸಿಲ್‌ನಲ್ಲಿ ಬರೆದುಕೊಳ್ಳಿ, ಅದನ್ನೂ ಸೇತುಬಂಧದ ಉತ್ತರಗಳನ್ನು ಓದಿದ ಮೇಲೆ, ದಸರಾ ರಜೆಯವರೆಗೆ ಮಾತ್ರ. ಪರೀಕ್ಷೆಗೆ ಹನ್ನೆರಡು ಪ್ರಶ್ನೆ ಸಾಕು: ಭಿನ್ನರಾಶಿಯ ಸಂಕಲನ, ಋಣ ಸಂಖ್ಯೆಗಳ ವ್ಯವಕಲನ, 0.35 ಮತ್ತು 0.4ರಲ್ಲಿ ದೊಡ್ಡದು ಯಾವುದು, ಸುತ್ತಳತೆಗೂ ವಿಸ್ತೀರ್ಣಕ್ಕೂ ಏನು ವ್ಯತ್ಯಾಸ, ಇಂಥವು. ಅಂಕ ಕೊಡುವ ಮೊದಲು ತಪ್ಪು ಉತ್ತರಗಳನ್ನು ಹಾಗೆಯೇ ಒಂದು ನೋಟ್‌ಬುಕ್ಕಿಗೆ ಇಳಿಸಿ, ಯಾವುದು ಎಷ್ಟು ಸಲ ಬಂದಿದೆ ಎಂದು ಗೀಟು ಹಾಕಿ.

ಪುಸ್ತಕದ ಕ್ರಮವನ್ನು ಪಾಲಿಸಲೇಬೇಕೆಂಬ ಹಠವೂ ಬೇಡ. ಆಗಸ್ಟ್, ಸೆಪ್ಟೆಂಬರ್‌ಗಳಲ್ಲಿ ಸ್ವಾತಂತ್ರ್ಯೋತ್ಸವದ ತಾಲೀಮು, ಹೋಬಳಿ ಮತ್ತು ತಾಲ್ಲೂಕು ಮಟ್ಟದ ಕ್ರೀಡಾಕೂಟ, ಪ್ರತಿಭಾ ಕಾರಂಜಿ ಎಂದು ದಿನಕ್ಕೆ ಹತ್ತು ಮಕ್ಕಳಾದರೂ ತರಗತಿಯಲ್ಲಿ ಇರುವುದಿಲ್ಲ. ಆ ವಾರಗಳಲ್ಲಿ ಸಮೀಕರಣ ಕಲಿಸುವುದು ತೂತು ಮಡಕೆಗೆ ನೀರು ಹೊಯ್ದಂತೆ. ದತ್ತಾಂಶಗಳ ನಿರ್ವಹಣೆಯಂತೆ, ಒಂದು ದಿನ ತಪ್ಪಿಸಿಕೊಂಡವರೂ ಮರುದಿನ ಸೇರಿಕೊಳ್ಳಬಹುದಾದ ಪಾಠಗಳನ್ನು ಆ ದಿನಗಳಿಗೆ ಇಟ್ಟುಕೊಳ್ಳಿ. ಕ್ರೀಡಾಕೂಟದ ಅಂಕಗಳೇ ದತ್ತಾಂಶವಾಗುತ್ತವೆ. ಬೀಜೋಕ್ತಿಗಳು ಮತ್ತು ಅಪವರ್ತಿಸುವಿಕೆಯ ನಡುವೆ ಮಾತ್ರ ಬೇರೆ ಯಾವುದನ್ನೂ ತುರುಕಬೇಡಿ. ವಾರಕ್ಕೊಂದು ಪಿರಿಯಡ್, ಸಾಧ್ಯವಾದರೆ ಶನಿವಾರ ಬೆಳಗಿನದು, ಖಾಲಿ ಇರಲಿ. ಅದು ತಾನಾಗಿಯೇ ತುಂಬುತ್ತದೆ.

ಶಾಲೆ ತೆರೆಯುವುದಕ್ಕೆ ಇನ್ನೂ ಸಮಯವಿದ್ದರೆ ಒಂದು ಕೆಲಸ ಮಾಡಿ. ಪ್ರೌಢಶಾಲೆಯ ಎಂಟನೇ ತರಗತಿಗೆ ಮಕ್ಕಳು ಸುತ್ತಲಿನ ನಾಲ್ಕೈದು ಊರುಗಳ ಹಿರಿಯ ಪ್ರಾಥಮಿಕ ಶಾಲೆಗಳಿಂದ ಬರುತ್ತಾರೆ. ಅಲ್ಲಿ ಏಳನೇ ತರಗತಿಗೆ ಗಣಿತ ಹೇಳಿದ ಮೇಷ್ಟ್ರುಗಳನ್ನು ಕಂಡು, ಪಾಠ ಎಲ್ಲಿಯವರೆಗೆ ಆಗಿದೆ ಎಂದು ಕೇಳುವ ಬದಲು, ಯಾವ ಪಾಠವನ್ನು ಓಡಿಸಬೇಕಾಯಿತು ಎಂದು ಕೇಳಿ. ತಮ್ಮವರೇ ಕೇಳಿದರೆ ಅವರು ಮುಚ್ಚುಮರೆ ಮಾಡುವುದಿಲ್ಲ.